ಹೌಸ್‌ಬೋಟ್‌ಗೆ ಮುಂಗಡ ಕೊಡುವ ಮುನ್ನ

ಶಿಕಾರಿಪುರ, ಸೊರಬದ ಎಂಟು ಮಂದಿ ಗೆಳೆಯರು ಎರಡು ದಿನಕ್ಕೆ ಇಡೀ ಹೌಸ್‌ಬೋಟ್ ಬಾಡಿಗೆಗೆ ಹಿಡಿಯಲು ಹೊರಟಿದ್ದಾರೆ. ಆಲಪ್ಪುಳಕ್ಕೇ ಹೋಗಬೇಕೇ, ಈಜು ಬಾರದ ಮೂವರನ್ನು ಕರೆದೊಯ್ಯಬಹುದೇ ಎಂಬುದು ಅವರ ಪ್ರಶ್ನೆ.

ಅಷ್ಟು ದೂರ ಹೋಗಬೇಕಿಲ್ಲ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿಯ ಕೋಟ್ಟಪ್ಪುರಂನಿಂದಲೇ ವಲಿಯಪರಂಬ ಹಿನ್ನೀರಿಗೆ ಹೌಸ್‌ಬೋಟ್‌ಗಳು ಹೊರಡುತ್ತವೆ. ಸಾಗರ, ಜೋಗ ದಾಟಿ ಹೊನ್ನಾವರಕ್ಕಿಳಿದರೆ ಮುಂದೆ ಕರಾವಳಿ ಹೆದ್ದಾರಿ. ಕೇರಳದ ಹೌಸ್‌ಬೋಟ್‌ಗಳ ಮೂಲ, ಹಿಂದೆ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಎಂಬ ದೋಣಿ. ಹತ್ತಿರ ನಿಂತು ನೋಡಿದರೆ ಹಲಗೆಗೆ ಹಲಗೆ ಸೇರಿಸಿದ ತೆಂಗಿನ ನಾರಿನ ಹೊಲಿಗೆ ಕಾಣುತ್ತದೆ, ಮೊಳೆಯೇ ಇಲ್ಲ. ಭತ್ತ ಬೆಳೆಯುವ ಸೊರಬದವರು ಇದನ್ನು ನೋಡಲೇಬೇಕು.

ಈಜು ಬಾರದವರೂ ಹೋಗಬಹುದು. ಆದರೆ ದೋಣಿ ಸಾಗುವಷ್ಟು ಹೊತ್ತೂ ಲೈಫ್ ಜಾಕೆಟ್ ಮೈಮೇಲಿರಬೇಕು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಮಿತಿಮೀರಿ ಜನ ಹತ್ತಿದ್ದರು, ಹೊತ್ತೂ ಮುಳುಗಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗುವವರೆಗೆ ಹೊಳೆಬಾಗಿಲಿನ ಲಾಂಚ್‌ನಲ್ಲೇ ಹಿನ್ನೀರು ದಾಟಿ ಸಿಗಂದೂರಿಗೆ ಹೋದ ಧೈರ್ಯ ಇಲ್ಲಿ ಸಾಲದು.

ನೋಂದಣಿ ಪತ್ರ ತೋರಿಸಲು ಕೇಳಲಿ. ಎಷ್ಟು ಜನರಿಗೆ ಅನುಮತಿಯಿದೆ ಎಂದು ನೋಡಲಿ. ಊಟ, ಡೀಸೆಲ್, ರಾತ್ರಿಯ ಎಸಿ ಬಾಡಿಗೆಯಲ್ಲೇ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳಲಿ.

ಖರ್ಚಿನ ಹಣ ಒಬ್ಬರ ಕೈಯಲ್ಲಿರಲಿ. ಕೊನೇ ಗಳಿಗೆಯಲ್ಲಿ ಹಿಂದೆ ಸರಿದವರ ಪಾಲನ್ನು ಯಾರು ತುಂಬಬೇಕೆಂಬುದು ಈಗಲೇ ತೀರ್ಮಾನವಾಗಲಿ. ಮಳೆಗಾಲ ಬೇಡ; ಒಕ್ಕಲು ಮುಗಿದ ಜನವರಿಯಲ್ಲಿ ಎಲ್ಲರಿಗೂ ಬಿಡುವು ಸಿಗುತ್ತದೆ.