ಆರೋಗ್ಯ ಪ್ರಶ್ನೋತ್ತರ: ತೂಕ ಇಳಿಸುವ ಆಪರೇಷನ್ ನಂತರದ ವರ್ಷಗಳು

ಪ್ರಶ್ನೆ: ತೂಕ ಇಳಿಸುವ ಆಪರೇಷನ್ ಆದವರ ಹೊಟ್ಟೆ ಕೆಲವು ವರ್ಷಗಳಲ್ಲಿ ಮೊದಲಿನಂತಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಈಗ ಹೆಚ್ಚಾಗಿ ನಡೆಯುವ ಆಪರೇಷನ್‌ಗಳು ಎರಡು ಬಗೆಯವು. ಸ್ಲೀವ್ ಎನ್ನುವುದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ಹೊರತೆಗೆದು, ಸಪೂರ ಕೊಳವೆಯಷ್ಟನ್ನು ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚೀಲ ಮಾಡಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಉಂಡದ್ದು ಉಳಿದ ಜಠರವನ್ನಾಗಲಿ ಕರುಳಿನ ಮೊದಲ ಭಾಗವನ್ನಾಗಲಿ ಮುಟ್ಟದೆ ಕೆಳಗಿಳಿಯುತ್ತದೆ. ಬೈಪಾಸ್ ಅನ್ನು ಮೊದಲು ಮಾಡಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ, 1966ರಲ್ಲಿ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲಿಪೊಸಕ್ಷನ್ ಬೇರೆಯೇ ಚಿಕಿತ್ಸೆ. ಅದು ಅಂದಕ್ಕೆ ಸಂಬಂಧಿಸಿದ್ದು. ಜಠರಕ್ಕೂ ಅದಕ್ಕೂ ಸಂಬಂಧವಿಲ್ಲ.

ಸ್ಲೀವ್‌ನಲ್ಲಿ ತೆಗೆದ ಭಾಗ ಮತ್ತೆ ಬೆಳೆಯುವುದಿಲ್ಲ. ಬೈಪಾಸ್ ಅನ್ನು ತಾಂತ್ರಿಕವಾಗಿ ಬಿಚ್ಚಬಹುದಾದರೂ ತೀರಾ ಅನಿವಾರ್ಯವಾದಾಗ ಮಾತ್ರ ಅದಕ್ಕೆ ಕೈಹಾಕುತ್ತಾರೆ. ಆಸ್ಪತ್ರೆಯ ವಾಸ ಕೆಲವೇ ದಿನಗಳದ್ದು, ನಿಗಾ ಮಾತ್ರ ಜೀವನಪೂರ್ತಿಯದು. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯವರು ಆಪರೇಷನ್‌ಗೆ ಸಾಮಾನ್ಯವಾಗಿ ಬೆಂಗಳೂರಿಗೆ ಹೋಗುತ್ತಾರೆ. ಊರಿಗೆ ಮರಳಿ, ಬಟ್ಟೆ ಸಡಿಲವಾಗಿ, ನೆಂಟರೆಲ್ಲ ಹೊಗಳಲು ಶುರುಮಾಡಿದ ಮೇಲೆ ಫಾಲೋಅಪ್ ನಿಂತುಹೋಗುತ್ತದೆ. ತೊಂದರೆಗಳು ತಲೆ ಎತ್ತುವುದು ಅದಾದ ಮೇಲೆ.

ಪ್ರಶ್ನೆ: ಮುದ್ದೆ ಬಿಟ್ಟುಬಿಡಬೇಕೇ?

ಉತ್ತರ: ಮುದ್ದೆ ಬಿಡಬೇಕಾಗಿಲ್ಲ, ನುಂಗುವುದನ್ನು ಬಿಡಬೇಕು. ರಾಮನಗರ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವವರನ್ನು ಕಂಡರೆ ನಗುತ್ತಾರೆ. ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಒಂದೇ ಏಟಿಗೆ ಗಂಟಲಿಗಿಳಿಸುವುದು ಇಲ್ಲಿನ ರೂಢಿ. ಮೊದಲಿನ ಜಠರ ಅದನ್ನು ಅರೆದು ಕೆಳಗೆ ಬಿಡುತ್ತಿತ್ತು. ಆಪರೇಷನ್ ಆದವರಲ್ಲಿ ಆ ಅರೆಯುವ ಜಾಗವೇ ಕಿರಿದಾಗಿದೆ, ಬೈಪಾಸ್ ಆದವರಲ್ಲಿ ಚೀಲದಿಂದ ಕರುಳಿಗಿರುವ ಬಾಯಿಯೂ ಸಣ್ಣದು. ಅಗಿಯದ ಮುದ್ದೆ ಅಲ್ಲಿ ಕೂರುತ್ತದೆ. ಎದೆಯ ನಡುವೆ ಒತ್ತಿದಂತಾಗುವುದು, ಬಾಯಲ್ಲಿ ನೊರೆ ನೊರೆ ಜೊಲ್ಲು, ಕೊನೆಗೆ ವಾಂತಿ. ಮೆತ್ತಗೆ ಅಂಟಂಟಾಗಿ ಬೆಂದ ಅನ್ನವೂ ಎಷ್ಟೋ ಜನರಲ್ಲಿ ಹೀಗೇ ಸಿಕ್ಕಿಕೊಳ್ಳುತ್ತದೆ.

ಮೊದಲ ವಾರಗಳು ನೀರಾದ ಆಹಾರದವು, ಆಮೇಲೆ ಅರೆದದ್ದು, ಅದರ ಮೇಲೆ ಮೆತ್ತನೆಯದು. ಗಟ್ಟಿ ಆಹಾರಕ್ಕೆ ವೈದ್ಯರು ಒಪ್ಪಿದ ಮೇಲೆ ನೆಲ್ಲಿಕಾಯಿ ಗಾತ್ರಕ್ಕಿಂತ ಚಿಕ್ಕ ತುತ್ತಿನಿಂದ ಮುದ್ದೆ ಶುರುಮಾಡಬಹುದು, ಅದನ್ನೂ ನುಣ್ಣಗಾಗುವ ತನಕ ಅಗಿದು. ಊಟ ಇಪ್ಪತ್ತು ನಿಮಿಷವಾದರೂ ಹಿಡಿಯಬೇಕು. ಊಟದ ಜೊತೆ ನೀರು ಬೇಡ. ಉಂಡು ಅರ್ಧ ಗಂಟೆಯಾದ ಮೇಲೆ ಗುಟುಕು ಗುಟುಕಾಗಿ ಕುಡಿಯುವುದು ಸರಿ.

ಆದರೆ ತಟ್ಟೆಯಲ್ಲಿ ಮುದ್ದೆಯ ಸರದಿ ಕೊನೆಯದು. ಹಿಡಿಸುವುದೇ ನಾಲ್ಕು ತುತ್ತು ಎಂದಾದಾಗ ಮೊದಲ ಎರಡು ಪ್ರೋಟೀನ್‌ನದ್ದಾಗಿರಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಇಲ್ಲವಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿ, ಮೆಟ್ಟಿಲು ಹತ್ತಲು ಕಾಲಲ್ಲಿ ಕಸುವಿರುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಸುಮಾರು 7 ಗ್ರಾಂ ಮಾತ್ರ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲಿ ಸುಮಾರು 25 ಗ್ರಾಂ. ಬಸ್ಸಾರಿನ ವಿಷಯದಲ್ಲಿ ಆಗಾಗ ಒಂದು ಎಡವಟ್ಟಾಗುತ್ತದೆ. ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಸತ್ವವೆಲ್ಲ ಇದೆಯೆಂದು ಆಪರೇಷನ್ ಆದವರಿಗೆ ತಿಳಿಸಾರು ಕುಡಿಸಿ, ಪಲ್ಯವನ್ನು ಉಳಿದವರು ತಿನ್ನುತ್ತಾರೆ. ಪ್ರೋಟೀನ್‌ನ ಹೆಚ್ಚಿನ ಪಾಲು ಉಳಿಯುವುದು ಕಾಳಿನಲ್ಲೇ. ಹುರುಳಿಯಾಗಲಿ ಅಲಸಂದೆಯಾಗಲಿ ಹಿತಕಿದ ಅವರೆಯಾಗಲಿ, ಅದನ್ನು ಚೆನ್ನಾಗಿ ಬೇಯಿಸಿ ಹಿಸುಕಿ ಅವರ ತಟ್ಟೆಗೇ ಹಾಕಬೇಕು.

ಪ್ರಶ್ನೆ: ತೂಕ ಇಳಿದು ಶುಗರ್ ನಾರ್ಮಲ್ ಆದ ಮೇಲೂ ವಿಟಮಿನ್ ಮಾತ್ರೆ ಏಕೆ? ರಾಗಿಯಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಇದೆಯಲ್ಲವೇ?

ಉತ್ತರ: ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ, ಬೇರಾವ ಧಾನ್ಯದಲ್ಲೂ ಇಷ್ಟಿಲ್ಲ. ಆದರೆ ಹಿಡಿಸುವ ಮುದ್ದೆಯೇ ಚೂರು. ಮೇಲಾಗಿ ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಕಬ್ಬಿಣವನ್ನು ಕರುಳು ಹೀರದಂತೆ ಹಿಡಿದಿಡುತ್ತವೆ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಹೆಚ್ಚಾಗಿ ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಬೈಪಾಸ್‌ನಲ್ಲಿ ಆಹಾರ ಅದನ್ನೇ ತಪ್ಪಿಸಿಕೊಂಡು ಹೋಗುತ್ತದೆ. ಜಠರದ ಆಮ್ಲ ಕಡಿಮೆಯಾಗುವುದರಿಂದ ಸ್ಲೀವ್ ಆದವರಿಗೂ ಕೊರತೆ ತಪ್ಪಿದ್ದಲ್ಲ. ಆದ್ದರಿಂದ ಎಷ್ಟೇ ಒಳ್ಳೆಯ ಊಟ ಮಾಡಿದರೂ ಮಾತ್ರೆ ಬೇಕು, ಬದುಕಿರುವ ತನಕ.

ಸಾಮಾನ್ಯವಾಗಿ ಹೇಳುವ ಪ್ರಮಾಣ ಹೀಗಿದೆ: ಒಂದು ಪೂರ್ಣ ಮಲ್ಟಿವಿಟಮಿನ್, ಕ್ಯಾಲ್ಸಿಯಂ ದಿನಕ್ಕೆ 1,200ರಿಂದ 1,500 ಮಿ.ಗ್ರಾಂ, ವಿಟಮಿನ್ ಡಿ ಸುಮಾರು 3,000 ಯೂನಿಟ್, ಮುಟ್ಟಾಗುವ ಹೆಂಗಸರಿಗೆ ಕಬ್ಬಿಣ 45ರಿಂದ 60 ಮಿ.ಗ್ರಾಂ, ಜೊತೆಗೆ ಬಿ12. ರಕ್ತಪರೀಕ್ಷೆ ನೋಡಿ ವೈದ್ಯರು ಇದನ್ನು ಏರಿಸುತ್ತಾರೆ, ಇಳಿಸುತ್ತಾರೆ. ಕ್ಯಾಲ್ಸಿಯಂನಲ್ಲಿ ಸಿಟ್ರೇಟ್ ರೂಪ ಮೇಲು, ಏಕೆಂದರೆ ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಲಿ. ಬೆಳಗಿನ ಕಾಫಿಯ ಜೊತೆ ಕಬ್ಬಿಣದ ಮಾತ್ರೆ ನುಂಗಿದರೆ ಅದರ ಬಹುಪಾಲು ದಂಡ.

ಬಿ12 ವಿಷಯಕ್ಕೆ ಹೆಚ್ಚಿನ ಎಚ್ಚರ ಬೇಕು. ಇದನ್ನು ದೇಹ ಸೇರಿಸಿಕೊಳ್ಳಲು ಜಠರ ಸ್ರವಿಸುವ ಒಂದು ಪ್ರೋಟೀನ್ ಅಗತ್ಯ, ಆಪರೇಷನ್ ಆದ ಮೇಲೆ ಅದು ಸಾಲುವುದಿಲ್ಲ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುವುದರಿಂದ ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷಕ್ಕೆ ಪಾದ ಜೋಮು ಹಿಡಿಯುವುದು, ಕತ್ತಲಲ್ಲಿ ನಡಿಗೆ ತಪ್ಪುವುದು, ಮರೆವು ಶುರುವಾಗುತ್ತವೆ. ಹಿಂದೆ ಸಕ್ಕರೆ ಕಾಯಿಲೆ ಇದ್ದವರಾದರೆ ‘ಶುಗರ್‌ನ ಜೋಮು’ ಎಂದು ತಳ್ಳಿಹಾಕುವುದೂ ಉಂಟು. ಮೆಟ್‌ಫಾರ್ಮಿನ್ ಮಾತ್ರೆಯೂ ಬಿ12 ಇಳಿಸುತ್ತದೆ, ಮೊಟ್ಟೆ ಮಾಂಸ ಮುಟ್ಟದವರಲ್ಲಿ ಅದು ಮೊದಲೇ ಕಡಿಮೆ. ತಡವಾದರೆ ನರದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು. ಇಂಜೆಕ್ಷನ್ ದುಬಾರಿಯಲ್ಲ, ಹತ್ತಿರದ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದು.

ಪ್ರಶ್ನೆ: ಸಿಹಿ ತಿಂದರೆ ಬೆವರಿ, ಎದೆ ಡವಗುಟ್ಟಿ, ಮಲಗಬೇಕೆನಿಸುತ್ತದೆ. ಇದು ಹೃದಯದ ತೊಂದರೆಯೇ?

ಉತ್ತರ: ಹೆಚ್ಚಿನವರಲ್ಲಿ ಇದು ಡಂಪಿಂಗ್. ಸಿಹಿ ನೀರಾದ ಆಹಾರ ಜಠರದಲ್ಲಿ ನಿಲ್ಲದೆ ಏಕಾಏಕಿ ಕರುಳಿಗೆ ಸುರಿದಾಗ ಮೈಯೊಳಗಿನ ನೀರು ಕರುಳಿಗೆ ಸೆಳೆಯಲ್ಪಡುತ್ತದೆ. ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿತ, ಬೆವರು, ಭೇದಿ. ಒತ್ತುಶ್ಯಾವಿಗೆಗೆ ಕಾಯಿಹಾಲು ಸುರಿದುಕೊಂಡು ಉಣ್ಣುವುದು, ಮಾವಿನ ಕಾಲದಲ್ಲಿ ಬಾದಾಮಿ ಹಣ್ಣಿನ ರಸ ಕುಡಿಯುವುದು, ಕಬ್ಬಿನ ಹಾಲು, ಇವೆಲ್ಲ ಇದನ್ನು ಕೈಬೀಸಿ ಕರೆಯುತ್ತವೆ. ಹಣ್ಣನ್ನು ಹೋಳು ಮಾಡಿ, ಊಟದ ಕೊನೆಗೆ ಒಂದೆರಡು ಚೂರು ಅಗಿದು ತಿಂದರೆ ಎಷ್ಟೋ ಜನರಿಗೆ ಒಗ್ಗುತ್ತದೆ.

ಊಟವಾಗಿ ಒಂದರಿಂದ ಮೂರು ಗಂಟೆಯ ಮೇಲೆ ಕೈನಡುಕ, ಕಣ್ಣು ಕತ್ತಲೆ ಬಂದರೆ ಅದು ಬೇರೆ. ಏರಿದ ಸಕ್ಕರೆಗೆ ಇನ್ಸುಲಿನ್ ಅತಿಯಾಗಿ ಹೊರಬಿದ್ದು, ಸಕ್ಕರೆ ಕುಸಿದದ್ದು. ಬೈಪಾಸ್ ಆಗಿ ವರ್ಷದ ಮೇಲೆ ಇದು ಕಾಣಿಸಿಕೊಳ್ಳುವುದು ಹೆಚ್ಚು. ಆ ಕ್ಷಣಕ್ಕೆ ಸಕ್ಕರೆ ಕೊಡಲೇಬೇಕು, ಬೆನ್ನಿಗೇ ಒಂದಿಷ್ಟು ಪ್ರೋಟೀನ್ ಸಹ. ದಿನವೂ ಸಿಹಿಯಿಂದಲೇ ಇದನ್ನು ಸರಿಮಾಡಹೊರಟರೆ ಮತ್ತೆ ಮತ್ತೆ ಕುಸಿಯುತ್ತದೆ. ಹಿಪ್ಪುನೇರಳೆ ತೋಟದಲ್ಲಿ ಒಂಟಿಯಾಗಿ ಕೆಲಸ ಮಾಡುವವರು, ಗಾಡಿ ಓಡಿಸುವವರು ಇದನ್ನು ಉದಾಸೀನ ಮಾಡಬಾರದು. ಲಕ್ಷಣ ಬಂದ ಹೊತ್ತಿಗೆ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಟ್ಟರೆ ವೈದ್ಯರಿಗೆ ದಾರಿ ಸಿಗುತ್ತದೆ.

ಪ್ರಶ್ನೆ: ವಾಂತಿ ನಿಲ್ಲದಿದ್ದರೆ ಗ್ಲೂಕೋಸ್ ಹಾಕಿಸಿದರೆ ಸಾಕೇ?

ಉತ್ತರ: ಸಾಲದು, ಅಷ್ಟೇ ಮಾಡಿದರೆ ಅಪಾಯವೂ ಹೌದು. ಥಯಮಿನ್, ಅಂದರೆ ಬಿ1, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಇರುತ್ತದೆ. ವಾಂತಿ ಹಿಡಿದವರಲ್ಲಿ ಅದು ಬರಿದಾಗಿರುವಾಗ ಗ್ಲೂಕೋಸ್ ಏರಿಸಿದರೆ, ಅದನ್ನು ಬಳಸಲು ಉಳಿದಿದ್ದ ಚೂರು ಥಯಮಿನ್ನೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ಒಂದು ಎರಡಾಗಿ ಕಾಣುವುದು, ತೂರಾಡುವ ನಡಿಗೆ, ಗೊಂದಲದ ಮಾತು. ಥಯಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಕ್ಲಿನಿಕ್ಕಿಗೆ ಹೋದೊಡನೆ ‘ಜಠರದ ಆಪರೇಷನ್ ಆಗಿದೆ’ ಎಂದು ಹೇಳುವುದು ರೋಗಿಯ ಕಡೆಯವರ ಮೊದಲ ಕೆಲಸ.

ಬೈಪಾಸ್ ಆದವರಲ್ಲಿ ವರ್ಷಗಳ ನಂತರವೂ ಇದ್ದಕ್ಕಿದ್ದಂತೆ ಹೊಟ್ಟೆ ನುಲಿದು ಬೆನ್ನಿಗೆ ಇರಿದಂತಾದರೆ, ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಂಡಿರಬಹುದು. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಇದು ಕಾಣದೆ, ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸುವ ಸಂಭವ ಇದೆ. ನೋವು ಇಳಿಯದಿದ್ದರೆ ಸಿ.ಟಿ. ಮತ್ತು ಶಸ್ತ್ರವೈದ್ಯರ ಸಲಹೆ ಅದೇ ದಿನ ಆಗಬೇಕು. ಬಲಪಕ್ಕೆಯ ನೋವಾದರೆ ಪಿತ್ತಕೋಶದ ಕಲ್ಲನ್ನು ಸಂಶಯಿಸಬೇಕು. ತೂಕ ಭರದಿಂದ ಇಳಿಯುವಾಗ ಕಲ್ಲು ಕಟ್ಟುವುದು ಹೆಚ್ಚು, ಅದಕ್ಕೆಂದೇ ಮೊದಲ ಆರು ತಿಂಗಳು ಅರ್ಸೊಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಡುವುದು.

ಪ್ರಶ್ನೆ: ಮಂಡಿನೋವಿಗೆ ಮೆಡಿಕಲ್ ಸ್ಟೋರಿನ ಮಾತ್ರೆ ತೆಗೆದುಕೊಳ್ಳಬಹುದೇ? ಬೀಡಿ, ಕುಡಿತ?

ಉತ್ತರ: ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಬಗೆಯ ನೋವಿನ ಮಾತ್ರೆಗಳು ಬೈಪಾಸ್‌ನ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ಹುಣ್ಣು ತೂತಾದದ್ದೂ ಉಂಟು. ಪ್ಯಾರಾಸಿಟಮಾಲ್ ಪರವಾಗಿಲ್ಲ, ಆದರೆ ‘ಪ್ಯಾರಾಸಿಟಮಾಲ್’ ಎಂದು ಕೇಳಿದರೆ ಅಸೆಕ್ಲೊಫೆನಾಕ್ ಬೆರೆತ ಪಟ್ಟಿಯೇ ಕೈಗೆ ಬರುವುದುಂಟು, ಹಿಂಬದಿ ಓದಿ ನೋಡಬೇಕು. ಬೀಡಿ ಸಿಗರೇಟಿನಿಂದಲೂ ಅದೇ ಹುಣ್ಣು. ಮದ್ಯ ಬೈಪಾಸ್ ಆದವರ ರಕ್ತಕ್ಕೆ ನಿಮಿಷಗಳಲ್ಲಿ ಸೇರುತ್ತದೆ, ಮೊದಲಿನ ಅರ್ಧಕ್ಕೇ ಮೊದಲಿನಷ್ಟು ಅಮಲು. ಎರಡನೇ ವರ್ಷದಿಂದಾಚೆಗೆ ಕುಡಿತದ ಚಟ ಅಂಟುವವರು ಹೆಚ್ಚುತ್ತಾರೆ. ಊಟದಲ್ಲಿ ಸಿಗುತ್ತಿದ್ದ ನೆಮ್ಮದಿಯನ್ನು ಬಾಟಲಿಯಲ್ಲಿ ಹುಡುಕುವುದೂ ಇದಕ್ಕೊಂದು ಕಾರಣ. ಮನಸ್ಸು ಕುಗ್ಗಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ಸಂಕೋಚ ಬೇಡ, ಈ ಆಪರೇಷನ್ ನಂತರ ಅದು ಅಪರೂಪದ ಸಂಗತಿಯಲ್ಲ.

ಪ್ರಶ್ನೆ: ಕೂದಲು ಉದುರುತ್ತಿದೆ, ಚರ್ಮ ಜೋತುಬಿದ್ದಿದೆ.

ಉತ್ತರ: ಕೂದಲು ಮೂರರಿಂದ ಆರನೇ ತಿಂಗಳಲ್ಲಿ ಉದುರಿ, ಪ್ರೋಟೀನ್ ಮತ್ತು ಕಬ್ಬಿಣ ಸರಿಯಿದ್ದರೆ ವರ್ಷದೊಳಗೆ ಮರಳುತ್ತದೆ. ಎಣ್ಣೆಗೆ ಹಣ ಸುರಿಯುವುದು ವ್ಯರ್ಥ. ಜೋತ ಚರ್ಮ ವ್ಯಾಯಾಮದಿಂದ ಪೂರ್ತಿ ಹೋಗುವುದಿಲ್ಲ. ಮಡಿಕೆಯಲ್ಲಿ ಹುಣ್ಣಾಗುತ್ತಿದ್ದರೆ ತೂಕ ಸ್ಥಿರವಾದ ಮೇಲೆ ಪ್ಲಾಸ್ಟಿಕ್ ಸರ್ಜರಿ ಇದೆ.

ಪ್ರಶ್ನೆ: ಗರ್ಭ ಧರಿಸಬಹುದೇ?

ಉತ್ತರ: ಧರಿಸಬಹುದು, 12ರಿಂದ 18 ತಿಂಗಳು ಕಳೆದ ಮೇಲೆ. ತೂಕ ಇಳಿದಂತೆ ನಿಂತಿದ್ದ ಮುಟ್ಟು ಸರಿಹೋಗಿ ಅನಿರೀಕ್ಷಿತವಾಗಿ ಬಸಿರಾಗುವುದುಂಟು. ಬೈಪಾಸ್ ಆದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ನಂಬುವಂತಿಲ್ಲ, ಕಾಪರ್-ಟಿಯಂಥದ್ದು ಮೇಲು. ಗರ್ಭಿಣಿಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಶುಗರ್ ನೋಡುತ್ತಾರೆ. ಬೈಪಾಸ್ ಆದವರಿಗೆ ಅದನ್ನು ಕುಡಿಸಿದರೆ ಡಂಪಿಂಗ್ ಆಗಿ ಬಿದ್ದುಹೋಗಬಹುದು. ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಮೊದಲೇ ತಿಳಿಸಿದರೆ, ಒಂದು ವಾರ ಊಟದ ಮುಂಚೆ ಮತ್ತು ಆಮೇಲೆ ಬೆರಳು ಚುಚ್ಚಿ ನೋಡುವ ಬದಲಿ ಕ್ರಮ ಇದೆ.

ಪ್ರಶ್ನೆ: ಐದು ವರ್ಷಕ್ಕೆ ತೂಕ ಮತ್ತೆ ಏರುತ್ತಿದೆ. ಆಪರೇಷನ್ ವಿಫಲವಾಯಿತೇ?

ಉತ್ತರ: ಸ್ವಲ್ಪ ಏರುವುದು ನಿರೀಕ್ಷಿತ. 1987ರಲ್ಲಿ ಶುರುವಾದ ಸ್ವೀಡನ್ನಿನ ಅಧ್ಯಯನದಲ್ಲಿ ಬೈಪಾಸ್ ಆದವರು ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಕ್ಕೆ ಆ ಇಳಿಕೆ ಶೇ 25ಕ್ಕೆ ಬಂದು ನಿಂತಿತ್ತು. ಸಕ್ಕರೆ ಕಾಯಿಲೆಯದೂ ಅದೇ ಕಥೆ. ಬೇರೆ ಬೇರೆ ಬಗೆಯ ಆಪರೇಷನ್ ಆದವರನ್ನೆಲ್ಲ ಸೇರಿಸಿ ನೋಡಿದಾಗ, ಎರಡನೇ ವರ್ಷಕ್ಕೆ ಶೇ 72ರಷ್ಟು ಮಧುಮೇಹಿಗಳಲ್ಲಿ ಅದು ಹಿಂದೆ ಸರಿದಿತ್ತು, ಹತ್ತನೇ ವರ್ಷಕ್ಕೆ ಹಾಗೆ ಉಳಿದವರು ಶೇ 36. ‘ಶುಗರ್ ಹೋಯಿತು’ ಎಂದು ಪರೀಕ್ಷೆ ನಿಲ್ಲಿಸಿದವರಿಗೆ ಈ ಎರಡು ಅಂಕಿ ಸಾಕು.

ಕಾರಣ ಹುಡುಕುವಾಗ ಜಠರ ಹಿಗ್ಗಿತೆಂದು ದೂರುವ ಮುನ್ನ ಲೋಟಗಳನ್ನು ಎಣಿಸಬೇಕು. ಸಕ್ಕರೆ ಹಾಕಿದ ಕಾಫಿ ಟೀ, ಗಂಜಿ, ಜ್ಯೂಸ್, ಬಾಯಾಡಿಸುವ ನಿಪ್ಪಟ್ಟು ಖಾರಾಬೂಂದಿ ಸಲೀಸಾಗಿ ಜಾರಿ ಒಳಗೆ ಹೋಗುತ್ತವೆ. ಕಾಳು ಮಾಂಸ ಸಿಕ್ಕಿಕೊಳ್ಳುತ್ತವೆಂದು ಬಿಟ್ಟವರಲ್ಲಿ ತೂಕ ಏರುವುದು ಹೀಗೆ. ಅದರಾಚೆಗೂ ಏರಿದರೆ 2025ರಿಂದ ಭಾರತದಲ್ಲಿ ಸಿಗುತ್ತಿರುವ ಟಿರ್ಜೆಪಟೈಡ್‌ನಂಥ ಇಂಜೆಕ್ಷನ್‌ಗಳಿವೆ, ಅಪರೂಪಕ್ಕೆ ಮರು ಆಪರೇಷನ್ ಇದೆ. ಎರಡೂ ತಜ್ಞರು ನೋಡಿ ಹೇಳಬೇಕಾದವು.

ಪ್ರಶ್ನೆ: ಪರೀಕ್ಷೆಗೆ ಪ್ರತಿಸಲ ಬೆಂಗಳೂರಿಗೇ ಹೋಗಬೇಕೇ?

ಉತ್ತರ: ಮೊದಲ ವರ್ಷ 3, 6, 12ನೇ ತಿಂಗಳಲ್ಲಿ ಆಪರೇಷನ್ ಮಾಡಿದ ತಂಡವನ್ನೇ ಕಾಣುವುದು ಒಳ್ಳೆಯದು. ಆಮೇಲೆ ವರ್ಷಕ್ಕೊಮ್ಮೆ ಸಾಕು, ಆದರೆ ತಪ್ಪಬಾರದು. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್, ಅಲ್ಬುಮಿನ್, ಶುಗರ್, ಕ್ರಿಯಾಟಿನಿನ್ ಇವಕ್ಕೆ ರಕ್ತ ಕೊಡಲು ಕೆಂಪಾಪುರದವರು ಮಾಗಡಿಗೆ ಹೋದರೂ ಆದೀತು. ವರದಿಯನ್ನು ಫೋನಿನಲ್ಲಿ ಕಳಿಸಿ ಸಲಹೆ ಪಡೆಯಬಹುದು. ಮೂಳೆಯ ಸಾಂದ್ರತೆಯ ಸ್ಕ್ಯಾನ್ ಎರಡು ವರ್ಷದ ನಂತರ ಒಮ್ಮೆ, ಮುಟ್ಟು ನಿಂತ ಹೆಂಗಸರಿಗೆ ಇದು ಮುಖ್ಯ. ಸ್ಲೀವ್ ಆದವರಲ್ಲಿ ಎದೆಯುರಿ ಹೊಸದಾಗಿ ಶುರುವಾಗುವುದು ಸಾಮಾನ್ಯ, ಉರಿ ಗೊತ್ತಾಗದೆಯೂ ಅನ್ನನಾಳ ಕೆಡಬಹುದು. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕು. ಬಿ.ಪಿ., ಥೈರಾಯ್ಡ್, ಫಿಟ್ಸ್ ಮಾತ್ರೆಗಳ ಪ್ರಮಾಣ ತೂಕದ ಜೊತೆ ಬದಲಾಗುವುದರಿಂದ ಹಳೆಯ ಚೀಟಿಯನ್ನೇ ತೋರಿಸಿ ಔಷಧಿ ಕೊಳ್ಳುತ್ತಿರಬಾರದು. ಡಿಸ್ಚಾರ್ಜ್ ಚೀಟಿಯ ಫೋಟೊ, ಅದರಲ್ಲಿ ಆಪರೇಷನ್ನಿನ ಹೆಸರು ಮತ್ತು ತಾರೀಖು ಕಾಣುವಂತೆ, ರೋಗಿಯ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಬೇಕು.