ವಂಶದ ಬರಹ

ಕೆಲವು ಮನೆತನಗಳಲ್ಲಿ ಒಂದೇ ಬಗೆಯ ದುಃಖ ತಲೆಮಾರಿನಿಂದ ತಲೆಮಾರಿಗೆ ಬರುವುದುಂಟು. ಅಜ್ಜಿಯ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡು ಆಕೆ ತೀರಿಕೊಳ್ಳುತ್ತಾಳೆ. ಕೆಲವು ವರ್ಷಗಳ ಮೇಲೆ ಮಗಳು, ಆಮೇಲೆ ಮೊಮ್ಮಗಳು. ನೆರೆಹೊರೆಯವರು ಅದನ್ನು ಹಣೆಬರಹವೆನ್ನುತ್ತಾರೆ, ಶಾಪವೆನ್ನುವವರೂ ಉಂಟು. ಮನೆಯವರು ಸಂಕೋಚದಿಂದ ಆ ಮಾತನ್ನೇ ಎತ್ತುವುದಿಲ್ಲ. ಆದರೆ ಈ ಬರಹವಿರುವುದು ಹಣೆಯಲ್ಲಲ್ಲ, ದೇಹದ ಜೀವಕೋಶಗಳಲ್ಲಿ, ಅದನ್ನು ಓದಬಹುದು, ಓದಿ ತಿಳಿದವರು ಅಪಾಯವನ್ನು ಮುಂಚಿತವಾಗಿಯೇ ಎದುರಿಸಬಹುದು. ಹೀಗೆಂದು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್.

ಸ್ತನದ ಕ್ಯಾನ್ಸರ್ ಕೆಲವು ಕುಟುಂಬಗಳಲ್ಲಿ ಪದೇಪದೇ ಕಾಣಿಸಿಕೊಳ್ಳುವುದನ್ನು ವೈದ್ಯರು ಬಹು ಹಿಂದೆಯೇ ಗಮನಿಸಿದ್ದರು. ಫ್ರಾನ್ಸಿನ ಪ್ರಸಿದ್ಧ ವೈದ್ಯ ಪಾಲ್ ಬ್ರೋಕಾ 1866ರಲ್ಲಿ ತನ್ನ ಪತ್ನಿಯ ಮನೆತನದ ವೃತ್ತಾಂತವನ್ನು ದಾಖಲಿಸಿ, ಅಲ್ಲಿನ ಹಲವು ತಲೆಮಾರುಗಳ ಸ್ತ್ರೀಯರು ಈ ರೋಗಕ್ಕೆ ತುತ್ತಾದುದನ್ನು ತೋರಿಸಿದನು. ಆದರೆ ಕಾರಣವನ್ನು ಹೇಳುವ ಸಾಧನ ಅಂದು ಯಾರ ಕೈಯಲ್ಲಿಯೂ ಇರಲಿಲ್ಲ. ಮುಂದೆ ನೂರು ವರ್ಷಗಳು ಕಳೆದ ಮೇಲೂ, ಕ್ಯಾನ್ಸರಿನಂತಹ ಜಟಿಲವಾದ ರೋಗಕ್ಕೆ ಒಂದೇ ಒಂದು ವಂಶವಾಹಿ ಕಾರಣವಾದೀತೆಂಬುದನ್ನು ಬಹುಮಂದಿ ವಿದ್ವಾಂಸರು ಒಪ್ಪುತ್ತಿರಲಿಲ್ಲ.

ಮೇರಿ ಕ್ಲೇರ್ ಕಿಂಗ್ 1946ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಆಪ್ತ ಗೆಳತಿಯೊಬ್ಬಳನ್ನು ಕ್ಯಾನ್ಸರ್ ಅವರಿಂದ ಕಸಿದುಕೊಂಡಿತು. ಮೊದಲು ಅವರು ಅಭ್ಯಾಸ ಮಾಡಿದ್ದು ಗಣಿತವನ್ನು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಅನುವಂಶಿಕ ವಿಜ್ಞಾನದ ಸೊಗಸು ಅವರ ಮನಸ್ಸನ್ನು ಸೆಳೆಯಿತು. 1974ರಲ್ಲಿ ಅವರು ಸ್ತನ ಕ್ಯಾನ್ಸರಿನ ವಂಶವಾಹಿಯ ಶೋಧನೆಗೆ ಕೈಹಾಕಿದರು. ಮನುಷ್ಯನ ವಂಶವಾಹಿಗಳ ನಕ್ಷೆಯೇ ಇಲ್ಲದಿದ್ದ ಆ ಕಾಲದಲ್ಲಿ ಇದು ಹೆಸರು ತಿಳಿಯದ ಊರಿನಲ್ಲಿ ವಿಳಾಸವಿಲ್ಲದ ಮನೆಯನ್ನು ಹುಡುಕಿದಂತಿತ್ತು.

ಅವರಿಗೆ ನೆರವಾದವರು ನೊಂದ ಕುಟುಂಬಗಳ ಸ್ತ್ರೀಯರು. ತಮ್ಮ ತಾಯಿ, ಚಿಕ್ಕಮ್ಮ, ಅಕ್ಕತಂಗಿಯರಲ್ಲಿ ಯಾರಿಗೆ ರೋಗ ಬಂದಿತು, ಯಾವ ವಯಸ್ಸಿನಲ್ಲಿ ಬಂದಿತು ಎಂಬುದನ್ನು ಅವರು ಬಿಚ್ಚಿಹೇಳಿದರು. ಪರೀಕ್ಷೆಗೆ ತಮ್ಮ ರಕ್ತವನ್ನು ಕೊಟ್ಟರು. ಕಿಂಗ್ ಮತ್ತು ಅವರ ಸಂಗಡಿಗರು 1,579 ಕುಟುಂಬಗಳ ವೃತ್ತಾಂತವನ್ನು ಗಣಿತದ ಒರೆಗಲ್ಲಿಗೆ ಹಚ್ಚಿ, ಅವುಗಳಲ್ಲಿ ಕೆಲವು ಕುಟುಂಬಗಳಲ್ಲಿಯಾದರೂ ರೋಗದ ಒಲವು ಆನುವಂಶಿಕವಾಗಿ ಇಳಿದುಬರುತ್ತಿದೆಯೆಂದು 1988ರಲ್ಲಿ ಪ್ರಕಟಿಸಿದರು. ಅನಂತರ ವರ್ಣತಂತುಗಳ ಮೇಲಿನ ಗುರುತುಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತ ಹೋದರು. ರೋಗ ಬಂದವರೆಲ್ಲರಲ್ಲಿಯೂ ಯಾವ ಗುರುತು ಜೊತೆಗೂಡಿ ಬರುತ್ತದೆಯೋ ಅದರ ಸಮೀಪದಲ್ಲಿಯೇ ದೋಷವಿರಬೇಕು ಎಂಬುದು ಅವರ ತರ್ಕ. ಎಳೆಯ ವಯಸ್ಸಿನಲ್ಲಿ ರೋಗ ಬಂದ ಕುಟುಂಬಗಳನ್ನು ಬೇರೆಯಾಗಿ ನೋಡಿದಾಗ ಉತ್ತರ ಹೊಳೆಯಿತು. ದೋಷವಿದ್ದುದು 17ನೆಯ ವರ್ಣತಂತುವಿನಲ್ಲಿ. 23 ಕುಟುಂಬಗಳ 146 ರೋಗಪ್ರಕರಣಗಳನ್ನು ಆಧರಿಸಿದ ಈ ಶೋಧನೆ 1990ರಲ್ಲಿ ಬೆಳಕಿಗೆ ಬಂದಿತು. ಆ ವೇಳೆಗೆ ಅವರ ಹುಡುಕಾಟ ಹದಿನಾರು ವರ್ಷಗಳನ್ನು ಕಳೆದಿತ್ತು.

ಆ ವಂಶವಾಹಿಗೆ ಬಿಆರ್‌ಸಿಎ-1 ಎಂದು ಹೆಸರಾಯಿತು. 1994ರಲ್ಲಿ ಅಮೆರಿಕದ ಯೂಟಾ ರಾಜ್ಯದ ವಿಜ್ಞಾನಿಗಳ ತಂಡವೊಂದು ಅದನ್ನು ಪ್ರತ್ಯೇಕಿಸಿ ಓದಿತು. 13ನೆಯ ವರ್ಣತಂತುವಿನಲ್ಲಿರುವ ಬಿಆರ್‌ಸಿಎ-2 ಮರುವರ್ಷವೇ ಪತ್ತೆಯಾಯಿತು.

ಈ ವಂಶವಾಹಿಗಳು ಕೇಡನ್ನು ಮಾಡಲೆಂದು ಇರುವುವಲ್ಲ. ಅವು ನಮ್ಮೆಲ್ಲರಲ್ಲಿಯೂ ಇವೆ. ಹಿಂದೆ ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುವಾಗ ಲಿಪಿಕಾರನ ಕೈತಪ್ಪಿನಿಂದ ಅಕ್ಷರದೋಷಗಳು ನುಸುಳುತ್ತಿದ್ದುವು. ಬಲ್ಲವನೊಬ್ಬನು ಕುಳಿತು ಅವುಗಳನ್ನು ತಿದ್ದಬೇಕಾಗುತ್ತಿತ್ತು. ಜೀವಕೋಶ ಎರಡಾಗುವಾಗ ಅದರೊಳಗಿನ ಡಿಎನ್‌ಎ ಎಂಬ ಗ್ರಂಥವೂ ಪ್ರತಿಯಾಗುತ್ತದೆ. ಆಗ ಅದರ ಎಳೆಗಳಲ್ಲಿ ಉಂಟಾಗುವ ಮುರಿತಗಳನ್ನು ಸರಿಪಡಿಸುವ ತಿದ್ದುಗಾರರೇ ಈ ವಂಶವಾಹಿಗಳು. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡೆರಡು ಪ್ರತಿಗಳು ಬರುತ್ತವೆ. ಒಂದು ಪ್ರತಿ ಹುಟ್ಟಿನಿಂದಲೇ ದೋಷಯುಕ್ತವಾಗಿದ್ದು, ಯಾವುದಾದರೊಂದು ಜೀವಕೋಶದಲ್ಲಿ ಎರಡನೆಯದೂ ಕೆಟ್ಟರೆ ಅಲ್ಲಿ ತಿದ್ದುವವರೇ ಇಲ್ಲದಂತಾಗುತ್ತದೆ. ತಪ್ಪುಗಳು ಕೂಡಿಕೂಡಿ ಆ ಕೋಶ ಕ್ಯಾನ್ಸರಿನ ಹಾದಿಯನ್ನು ಹಿಡಿಯಬಹುದು. ಈ ದೋಷ ತಂದೆಯ ಕಡೆಯಿಂದಲೂ ಮಕ್ಕಳಿಗೆ ಬರಬಹುದು. ಆದುದರಿಂದ ಸೋದರತ್ತೆಯರ ವೃತ್ತಾಂತವೂ ತಾಯಿಯ ಕಡೆಯವರ ವೃತ್ತಾಂತದಷ್ಟೇ ಮುಖ್ಯ.

ಇಂದು ಈ ಬರಹವನ್ನು ಓದಲು ಶರೀರವನ್ನು ಕೊಯ್ಯಬೇಕಾಗಿಲ್ಲ. ಸ್ವಲ್ಪ ರಕ್ತ, ಅಥವಾ ಪುಟ್ಟ ನಳಿಕೆಯಲ್ಲಿ ಹಿಡಿದ ಒಂದಿಷ್ಟು ಜೊಲ್ಲು ಸಾಕು. ಜೊಲ್ಲಿನಲ್ಲಿ ಬೆರೆತಿರುವ ಜೀವಕೋಶಗಳಿಂದ ಡಿಎನ್‌ಎಯನ್ನು ತೆಗೆದು ಅಕ್ಷರಕ್ಷರವಾಗಿ ಓದುತ್ತಾರೆ. ಆದರೆ ಈ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ವಿವೇಕ ಅಗತ್ಯ. ಇದು ರೋಗವಿದೆಯೆಂದು ಹೇಳುವುದಿಲ್ಲ. ಮುಂದೆ ಬರುವ ಸಂಭವ ಎಷ್ಟೆಂಬುದನ್ನು ಸೂಚಿಸುತ್ತದೆ. ಅಮೆರಿಕದಲ್ಲಿ ನೂರು ಮಂದಿ ಸ್ತ್ರೀಯರಲ್ಲಿ ಸುಮಾರು 13 ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ. ಈ ದೋಷವುಳ್ಳವರಲ್ಲಿ ಆ ಸಂಖ್ಯೆ 60ನ್ನು ಮೀರುತ್ತದೆ. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಅವರಿಗೆ ಹೆಚ್ಚು. ಆದರೂ ದೋಷವಿರುವವರೆಲ್ಲರಿಗೂ ರೋಗ ಬರಲೇಬೇಕೆಂದಿಲ್ಲ. ದೋಷವಿಲ್ಲದವರು ನಿಶ್ಚಿಂತರಾಗುವಂತೆಯೂ ಇಲ್ಲ. ಏಕೆಂದರೆ ಸ್ತನ ಕ್ಯಾನ್ಸರುಗಳಲ್ಲಿ ವಂಶಪಾರಂಪರ್ಯವಾಗಿ ಬರುವುವು ನೂರಕ್ಕೆ ಐದರಿಂದ ಹತ್ತು ಮಾತ್ರ.

ರಕ್ತದಲ್ಲಿಯೇ ರೋಗದ ಸುಳಿವನ್ನು ಹುಡುಕುವ ಇನ್ನೊಂದು ಬಗೆಯ ಪರೀಕ್ಷೆಯೂ ರೂಪುಗೊಳ್ಳುತ್ತಿದೆ. ರಕ್ತದ ದ್ರವದಲ್ಲಿ ಡಿಎನ್‌ಎಯ ಚೂರುಗಳು ತೇಲುತ್ತಿರುತ್ತವೆಂಬುದು 1948ರಲ್ಲಿಯೇ ತಿಳಿದಿತ್ತು. ಕ್ಯಾನ್ಸರಿನ ಗೆಡ್ಡೆಯಿಂದಲೂ ಅಂತಹ ಚೂರುಗಳು ಉದುರುತ್ತವೆ. ಆದರೆ ಗೆಡ್ಡೆ ಚಿಕ್ಕದಾಗಿರುವಾಗ ಉದುರುವ ಚೂರುಗಳು ಅತ್ಯಲ್ಪ. ಕಣಜದಲ್ಲಿ ಒಂದೆರಡು ಬೇರೆ ಕಾಳುಗಳನ್ನು ಆರಿಸಿದಂತೆ ಅವುಗಳನ್ನು ಆರಿಸಬೇಕು. ಆದುದರಿಂದ ಆರಂಭದ ಸ್ತನ ಕ್ಯಾನ್ಸರನ್ನು ಹಿಡಿಯಲು ಈ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಎದೆಯ ಕ್ಷಕಿರಣ ಚಿತ್ರವಾದ ಮ್ಯಾಮೋಗ್ರಾಮ್ ಮತ್ತು ವೈದ್ಯರ ಪರೀಕ್ಷೆಗಳು ಈಗಲೂ ಬೇಕೇ ಬೇಕು.

ವಿಜ್ಞಾನದ ಈ ಫಲ ಯಾರ ಸ್ವತ್ತು ಎಂಬ ಪ್ರಶ್ನೆಯೂ ಎದ್ದಿತು. ಬಿಆರ್‌ಸಿಎ ವಂಶವಾಹಿಗಳ ಮೇಲೆ ಅಮೆರಿಕದ ಕಂಪನಿಯೊಂದು ಏಕಸ್ವಾಮ್ಯದ ಹಕ್ಕನ್ನು ಪಡೆದುಕೊಂಡಿತ್ತು. ಪರೀಕ್ಷೆಯ ವೆಚ್ಚ 3,000 ಡಾಲರುಗಳನ್ನು ಮೀರಿ, ಅಲ್ಲಿಯೂ ಬಡವರಿಗೆ ಎಟುಕದಾಯಿತು. ವಿಜ್ಞಾನಿಗಳೂ ರೋಗಿಗಳೂ ಕೂಡಿ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಪ್ರಕೃತಿಯಲ್ಲಿರುವ ವಂಶವಾಹಿಯನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ಯಾರ ಸ್ವತ್ತೂ ಆಗಲಾರದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2013ರ ಜೂನ್ 13ರಂದು ತೀರ್ಪಿತ್ತಿತು. ಅನಂತರ ಇತರ ಪ್ರಯೋಗಾಲಯಗಳೂ ಈ ಪರೀಕ್ಷೆಯನ್ನು ಕೈಗೊಂಡುವು, ವೆಚ್ಚ ಇಳಿಯಿತು.

ನಮ್ಮ ದೇಶದ ಸ್ತ್ರೀಯರಲ್ಲಿ ಅತ್ಯಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನದ್ದೇ. ಗಂಟು ಚಿಕ್ಕದಾಗಿರುವಾಗಲೇ ಬಂದರೆ ಗುಣವಾಗುವ ಸಂಭವ ಹೆಚ್ಚು. ಆದರೆ ನಾಚಿಕೆಯಿಂದಲೋ ಭಯದಿಂದಲೋ ತಡಮಾಡಿ ಬರುವವರೇ ಅನೇಕರು. ಮುಂಬಯಿಯಲ್ಲಿ 1998ರಿಂದ ಒಂದೂವರೆ ಲಕ್ಷ ಸ್ತ್ರೀಯರನ್ನು ಒಳಗೊಂಡ ಅಧ್ಯಯನವೊಂದು ನಡೆಯಿತು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೇವಲ ಕೈಯಿಂದ ಸ್ತನಪರೀಕ್ಷೆ ಮಾಡುತ್ತಿದ್ದರು. ಐವತ್ತು ವರ್ಷ ದಾಟಿದವರಲ್ಲಿ ಈ ರೋಗದಿಂದಾಗುವ ಸಾವು ಇದರಿಂದ ನೂರಕ್ಕೆ ಮೂವತ್ತರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಯಿತು. ವಂಶವಾಹಿಯ ಪರೀಕ್ಷೆ ಕೆಲವರಿಗೆ ದಾರಿ ತೋರಿದರೆ, ಇಂತಹ ಸರಳ ಪರೀಕ್ಷೆ ಎಲ್ಲರ ಮನೆಬಾಗಿಲನ್ನೂ ಮುಟ್ಟಬಲ್ಲುದು.

ವಂಶದಲ್ಲಿ ದೋಷವಿದೆಯೆಂದು ತಿಳಿದವರು ಅನುಭವಿಗಳಾದ ವೈದ್ಯರೊಡನೆ ಸಮಾಲೋಚಿಸಿ, ಎಳೆಯ ವಯಸ್ಸಿನಿಂದಲೇ ಕ್ರಮವಾದ ಪರೀಕ್ಷೆ, ಔಷಧಿ, ಇಲ್ಲವೆ ಶಸ್ತ್ರಚಿಕಿತ್ಸೆ ಇವುಗಳಲ್ಲಿ ತಕ್ಕುದನ್ನು ಆರಿಸಿಕೊಳ್ಳಬಹುದು. ಆ ನಿರ್ಧಾರ ಸುಲಭವಲ್ಲ. ಅದು ಆಕೆಯದೇ ಆಗಿರಬೇಕು. ಒಬ್ಬಳ ಫಲಿತಾಂಶ ಅವಳ ಒಡಹುಟ್ಟಿದವರಿಗೂ ಮಕ್ಕಳಿಗೂ ಸಂಬಂಧಿಸಿದ್ದು. ಅದನ್ನು ಮುಚ್ಚಿಟ್ಟರೆ ಅವರ ದಾರಿಯ ದೀಪವನ್ನು ಆರಿಸಿದಂತೆ. ಅದನ್ನೇ ನೆಪಮಾಡಿ ಅವರ ಮದುವೆ ಮುಂಜಿಗಳಿಗೆ ಅಡ್ಡಿ ತರುವುದು ಸಮಾಜಕ್ಕೆ ಶೋಭೆಯಲ್ಲ. ಕಿಂಗ್ ಅವರ ಶೋಧನೆ ಫಲಿಸಿದ್ದು ಅಸಂಖ್ಯಾತ ಸ್ತ್ರೀಯರು ತಮ್ಮ ಮನೆಯ ನೋವನ್ನು ಬಾಯಿಬಿಟ್ಟು ಹೇಳಿದುದರಿಂದ. ಅಜ್ಜಿಗೆ ಏನಾಗಿತ್ತೆಂದು ಕೇಳುವ ಮೊಮ್ಮಗಳಿಗೆ ಉತ್ತರ ಹೇಳುವ ಮನೆಯಲ್ಲಿ, ಆ ಬರಹವನ್ನು ಓದುವ ಕೆಲಸ ಆಗಲೇ ಆರಂಭವಾಗಿರುತ್ತದೆ.

ಅಭ್ಯಾಸ

1. ಮೇರಿ ಕ್ಲೇರ್ ಕಿಂಗ್ ಅವರ ಶೋಧನೆಗೆ ನೊಂದ ಕುಟುಂಬಗಳು ಹೇಗೆ ನೆರವಾದುವು?
2. ಬಿಆರ್‌ಸಿಎ ವಂಶವಾಹಿಗಳನ್ನು ತಿದ್ದುಗಾರರೆಂದು ಕರೆದಿರುವುದೇಕೆ?
3. ವಂಶವಾಹಿಯ ಪರೀಕ್ಷೆ ಏನನ್ನು ಹೇಳುತ್ತದೆ? ಏನನ್ನು ಹೇಳುವುದಿಲ್ಲ?
4. 2013ರ ತೀರ್ಪಿನಿಂದ ಆದ ಪ್ರಯೋಜನವೇನು?