ಭುಜದ ನೋವು, ಪರಿಹಾರದ ಅರ್ಜಿ

ಅಮೆರಿಕದಲ್ಲಿ ಲಸಿಕೆಯಿಂದ ತೊಂದರೆಗೊಳಗಾದವರ ಅರ್ಜಿ ಸಿದ್ಧಪಡಿಸುವ ವಕೀಲರ ಕಚೇರಿಯಲ್ಲಿ ನನ್ನ ಕೆಲಸ. 1986ರ ಕಾಯ್ದೆಯಿಂದ ಬಂದ ಪರಿಹಾರ ಯೋಜನೆ ಇಲ್ಲಿದೆ. ಲಸಿಕೆ ತಡೆಯುವ ಪ್ರತಿ ರೋಗಕ್ಕೆ ಡೋಸಿಗೆ 75 ಸೆಂಟ್ ತೆರಿಗೆ. ಯೋಜನೆಯ ನಿಧಿ ತುಂಬುವುದು ಆ ತೆರಿಗೆಯಿಂದಲೇ.

1. ಎದುರಾಳಿ ನಿಮ್ಮ ಡಾಕ್ಟರಲ್ಲ.
"ಸೂಜಿ ಹಾಕಿದ ಹುಡುಗಿ ಪಾಪ, ಕೆಲಸ ಕಳಕೋತಾಳೆ" ಎಂದು ನಮ್ಮ ಹಿರಿಯರು ಅರ್ಜಿ ಹಾಕಲು ಹಿಂಜರಿಯುತ್ತಾರೆ. ಆದರೆ ಪ್ರತಿವಾದಿ ಫೆಡರಲ್ ಆರೋಗ್ಯ ಇಲಾಖೆಯ ಕಾರ್ಯದರ್ಶಿ. ತಪ್ಪು ಯಾರದೆಂದು ಸಾಬೀತುಪಡಿಸಬೇಕಿಲ್ಲ. ಸಕಾರಣವಾದ ಅರ್ಜಿಯಾದರೆ, ಸೋತರೂ ವಕೀಲರ ಶುಲ್ಕ ನಿಧಿಯಿಂದ ಬರಬಹುದು.

2. ನೋವು ಶುರುವಾದ ದಿನ ಕಾಗದದಲ್ಲಿರಬೇಕು.
ಸೂಜಿಯನ್ನು ತೀರಾ ಮೇಲೆ ಚುಚ್ಚಿದರೆ ಮದ್ದು ಸ್ನಾಯುವಿಗೆ ಹೋಗದೆ ಕೀಲಿನ ಬಳಿ ಸೇರಿ ಉರಿಯೂತವಾಗಬಹುದು. ಈ ಭುಜದ ಗಾಯ 2017ರಲ್ಲಿ ಕಾನೂನಿನ ಪಟ್ಟಿಗೆ ಸೇರಿತು. ಷರತ್ತು, ನೋವು ಲಸಿಕೆಯಾದ 48 ಗಂಟೆಯೊಳಗೆ ಶುರುವಾಗಿರಬೇಕು. ಫ್ಲೂ ಲಸಿಕೆ ಪಡೆದ ಒಬ್ಬ ತಾಯಿಗೆ ಸೆರಗು ಹಾಕಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಮನೆಯಲ್ಲೇ ಬಾಮು ಹಚ್ಚಿ, ಶಾಖ ಕೊಟ್ಟುಕೊಂಡರು. ನಡುವೆ ಬಿಪಿ ತೋರಿಸಲು ಹೋದವರು ಭುಜದ ಮಾತೆತ್ತಲಿಲ್ಲ. ಡಾಕ್ಟರು "ಬೇರೆ ತೊಂದರೆ ಇಲ್ಲ" ಎಂದು ಬರೆದರು. ಭುಜಕ್ಕೆ ಸಂಬಂಧವಿಲ್ಲವೆಂದು ನಾನು ಆ ಹಾಳೆ ಓದದೆ ಬಿಟ್ಟೆ. ಸರ್ಕಾರದ ವಕೀಲರು ಹಿಡಿದದ್ದು ಅದೇ ಸಾಲನ್ನು. ಆಮೇಲೆ ಹುಡುಕಿದಾಗ, ಲಸಿಕೆಯ ರಾತ್ರಿಯೇ ಮಗಳಿಗೆ ಕಳಿಸಿದ ವಾಟ್ಸಾಪ್ ಸಂದೇಶ ಸಿಕ್ಕಿತು: "ಇಂಜೆಕ್ಷನ್ ಕೈ ತುಂಬಾ ನೋಯ್ತಿದೆ ಕಣೆ." ಮಗಳ ಪ್ರಮಾಣಪತ್ರವೂ ಸೇರಿತು. ಪರಿಹಾರ ಬಂತು, ಕೇಳಿದಷ್ಟಲ್ಲ. ಈಗ ಕಣ್ಣಿನ ಡಾಕ್ಟರ ಚೀಟಿಯನ್ನೂ ಬಿಡದೆ ಓದುತ್ತೇನೆ.

3. ಗಡುವು ಮೊದಲ ಲಕ್ಷಣದಿಂದ.
ಗಾಯವಾದವರಿಗೆ ಮೂರು ವರ್ಷ. ಸ್ಕ್ಯಾನ್ ಆದ ದಿನದಿಂದಲ್ಲ, ಮೊದಲ ನೋವಿನಿಂದ. ಗಡುವು ದಾಟಿ ಬಂದವರನ್ನು ವಾಪಸು ಕಳಿಸುವುದು ಈ ಕೆಲಸದಲ್ಲಿ ನನಗೆ ಅತಿ ಕಷ್ಟದ ಭಾಗ. ತೊಂದರೆ ಸಾಮಾನ್ಯವಾಗಿ ಆರು ತಿಂಗಳು ಮೀರಿ ಉಳಿದಿರಬೇಕು ಎಂಬ ನಿಯಮವೂ ಇದೆ.

4. ಕೋವಿಡ್ ಲಸಿಕೆಯ ದಾರಿ ಬೇರೆ.
ನಾನು ಕಂಡ ಕೋವಿಡ್ ಅರ್ಜಿಗಳೆಲ್ಲ ಇನ್ನೊಂದು ಯೋಜನೆಗೆ ಹೋದವು. ಅಲ್ಲಿ ಲಸಿಕೆಯ ದಿನದಿಂದ ಒಂದೇ ವರ್ಷ, ವಕೀಲರ ಶುಲ್ಕವಿಲ್ಲ, ನೋವಿಗೆಂದು ಹಣವಿಲ್ಲ. ಅದೇ ಭುಜ, ಅದೇ ಸೂಜಿ, ಇದು ಅನ್ಯಾಯ.

ನಾನು ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇನೆ, ನೀವೂ ಹಾಕಿಸಿಕೊಳ್ಳಿ. ಎರಡು ದಿನದಲ್ಲಿ ಕೈ ಏಳದಿದ್ದರೆ ಸಂಕೋಚಪಡದೆ ಡಾಕ್ಟರಿಗೆ ಹೇಳಿ, ದಿನಾಂಕ ಸಮೇತ ಬರೆಸಿ.